ಡಾಕ್ಟರ್ ಎಡಿತ್ ಪೀಚಿ

ಒಂದೇ ಕೆಲಸವನ್ನು ಇಬ್ಬರು ಒಂದೇ ಬಗೆಯಲ್ಲಿ ಮಾಡಿದರೆ ಇಬ್ಬರಿಗೂ ಒಂದೇ ಕೂಲಿ ಸಲ್ಲಬೇಕು. ಇದು ನ್ಯಾಯದ ಮೊದಲ ಪಾಠ. ಕೊಡಗಿನ ವಿರಾಜಪೇಟೆಗೆ ಸಮೀಪವಿರುವ ಬಿಟ್ಟಂಗಾಲದಂತಹ ಊರುಗಳಲ್ಲಿ ಕಾಫಿ ಹಣ್ಣಿನ ಕುಯಿಲು ನಡೆಯುವಾಗ ದಿನದ ಕೊನೆಗೆ ಚೀಲಗಳನ್ನು ತೂಗುತ್ತಾರೆ. ಹಣ್ಣನ್ನು ಬಿಡಿಸಿದ ಕೈ ಹೆಣ್ಣಿನದೋ ಗಂಡಿನದೋ ಎಂಬುದು ತಕ್ಕಡಿಗೆ ತಿಳಿಯದು. ಅದು ಹಣ್ಣಿನ ತೂಕವನ್ನು ಮಾತ್ರ ಬಲ್ಲುದು. ಆದರೆ ಮನುಷ್ಯರು ಮನುಷ್ಯರ ದುಡಿಮೆಯನ್ನು ತೂಗುವಾಗ ಈ ನಿಷ್ಪಕ್ಷಪಾತ ಬಹುಕಾಲ ಕಾಣಿಸಲಿಲ್ಲ. ಹೊಲದಲ್ಲಿ, ತೋಟದಲ್ಲಿ, ಗಿರಣಿಯಲ್ಲಿ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಎಂಬುದು ಲೋಕರೂಢಿಯೇ ಆಗಿತ್ತು. ಓದು ಬರಹ ಬಲ್ಲವರ, ಅದರಲ್ಲಿಯೂ ಪ್ರಾಣ ಉಳಿಸುವ ವೈದ್ಯರ ವೃತ್ತಿಯಲ್ಲಿಯೂ ಈ ಭೇದ ಬೇರೂರಿತ್ತು. ಆ ಭೇದವನ್ನು ಮೊದಲು ತನ್ನ ಓದಿನ ದಿನಗಳಲ್ಲಿ ಸ್ವತಃ ಅನುಭವಿಸಿ, ಅನಂತರ ನಮ್ಮ ದೇಶಕ್ಕೆ ಬಂದು, ಅದರ ವಿರುದ್ಧ ದನಿಯೆತ್ತಿದ ವೈದ್ಯೆಯೊಬ್ಬರ ಜೀವನ ನಾವೆಲ್ಲರೂ ತಿಳಿಯತಕ್ಕದ್ದಾಗಿದೆ. ಅವರೇ ಡಾಕ್ಟರ್ ಎಡಿತ್ ಪೀಚಿ.

ಎಡಿತ್ ಪೀಚಿ 1845ನೆಯ ಇಸವಿ ಅಕ್ಟೋಬರ್ 7ರಂದು ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಲ್ಯಾಂಗಮ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ವಿಲಿಯಂ ಪೀಚಿ ಕ್ರೈಸ್ತ ಧರ್ಮಗುರು; ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ಓದಿ ಎಂ.ಎ. ಪದವಿ ಪಡೆದವರು. ತಾಯಿ ಸಾರಾ ವಕೀಲರೊಬ್ಬರ ಮಗಳು. ಆ ಕಾಲದ ಹೆಂಗಸರಲ್ಲಿ ಅಪರೂಪವೆನ್ನುವಂತೆ ಗ್ರೀಕ್ ಭಾಷೆಯನ್ನು ಅಭ್ಯಾಸ ಮಾಡಿದ್ದವರು. ಇಂತಹ ತಂದೆತಾಯಿಗಳೇ ಎಡಿತ್ ಅವರಿಗೆ ಮೊದಲ ಗುರುಗಳಾದರು. ಮನೆಯಲ್ಲಿ ಕಲಿತ ವಿದ್ಯೆಯ ಬಲದಿಂದ ಆಕೆ ಕೆಲವು ಕಾಲ ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸಿದರು. ಓದಿದ ಹೆಣ್ಣುಮಗಳಿಗೆ ಅಂದು ತೆರೆದಿದ್ದ ದಾರಿ ಬಹುಮಟ್ಟಿಗೆ ಅದೊಂದೇ ಆಗಿತ್ತು.

ಆಗ ಬ್ರಿಟನ್ನಿನ ಯಾವ ವಿಶ್ವವಿದ್ಯಾನಿಲಯವೂ ಹೆಣ್ಣುಮಕ್ಕಳಿಗೆ ವೈದ್ಯಶಾಸ್ತ್ರವನ್ನು ಕಲಿಸುತ್ತಿರಲಿಲ್ಲ. 1869ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ಎಂಬ ದಿಟ್ಟ ಮಹಿಳೆ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಬಾಗಿಲು ತಟ್ಟಿದರು. ಒಬ್ಬಳೇ ಹೆಂಗಸಿಗಾಗಿ ಪ್ರತ್ಯೇಕ ಏರ್ಪಾಟು ಮಾಡಲಾಗದು ಎಂಬ ಉತ್ತರ ಬಂದಿತು. ಸೋಫಿಯಾ ಎದೆಗುಂದಲಿಲ್ಲ. ಒಬ್ಬಳಿಗೆ ಆಗದಿದ್ದರೆ ಹಲವರು ಸೇರಿ ಹೋಗೋಣವೆಂದು ಅವರು ಪತ್ರಿಕೆಯ ಮೂಲಕ ಜೊತೆಗಾತಿಯರನ್ನು ಹುಡುಕಿದರು. ಆ ಕರೆಗೆ ಓಗೊಟ್ಟವರಲ್ಲಿ ಇಪ್ಪತ್ತಮೂರು ವರುಷದ ಎಡಿತ್ ಕೂಡ ಒಬ್ಬರು. ತನ್ನಲ್ಲಿ ಅಸಾಧಾರಣ ಪ್ರತಿಭೆಯಿಲ್ಲವೆಂದೂ, ಆದರೆ ಹಿಡಿದ ಕೆಲಸವನ್ನು ಬಿಡದ ಹಟ ಮತ್ತು ವಿದ್ಯೆಯಲ್ಲಿ ನಿಜವಾದ ಪ್ರೀತಿ ಉಂಟೆಂದೂ ಆಕೆ ವಿನಯದಿಂದ ಬರೆದುಕೊಂಡರು.

ಆ ವರ್ಷದ ಅಕ್ಟೋಬರಿನಲ್ಲಿ ಪ್ರವೇಶ ಪರೀಕ್ಷೆ ನಡೆಯಿತು. ಪರೀಕ್ಷೆಗೆ ಕುಳಿತ 152 ಮಂದಿಯಲ್ಲಿ ಹೆಂಗಸರು ಐವರು ಮಾತ್ರ. ಫಲಿತಾಂಶ ಹೊರಬಿದ್ದಾಗ ಮೊದಲ ಏಳು ಸ್ಥಾನಗಳಲ್ಲಿ ನಾಲ್ಕು ಈ ಐವರಿಗೇ ದೊರಕಿದ್ದವು! ಮುಂದೆ ಇನ್ನಿಬ್ಬರು ಬಂದು ಸೇರಿ ಏಳು ಜನರಾದರು. ಚರಿತ್ರೆ ಅವರನ್ನು ಎಡಿನ್‌ಬರೋದ ಏಳು ಮಂದಿ ಎಂದು ಕರೆಯುತ್ತದೆ.

ಪ್ರವೇಶ ದೊರೆತಿತು, ಆದರೆ ಸಮಾನತೆ ದೊರೆಯಲಿಲ್ಲ. ಹೆಂಗಸರು ಗಂಡಸರೊಡನೆ ಕುಳಿತು ಪಾಠ ಕೇಳುವಂತಿರಲಿಲ್ಲ. ಅವರಿಗೆ ಬೇರೆ ತರಗತಿ. ಅವರಿಗೆ ಕಲಿಸಲು ಅಧ್ಯಾಪಕರಿಗೆ ಅನುಮತಿ ಉಂಟೇ ಹೊರತು ಕಡ್ಡಾಯವಿರಲಿಲ್ಲ. ಬೇರೆ ತರಗತಿಯಲ್ಲಿ ಸಂಖ್ಯೆ ಕಡಿಮೆಯೆಂಬ ಕಾರಣದಿಂದ ಅವರು ಗಂಡಸರಿಗಿಂತ ಹೆಚ್ಚು ಶುಲ್ಕ ತೆರಬೇಕಾಯಿತು. ಅದೇ ಪಾಠ, ಅದೇ ಪರೀಕ್ಷೆ; ಆದರೆ ಹೆಣ್ಣಿಗೆ ಹೆಚ್ಚಿನ ಬೆಲೆ. ಮುಂದೆ ವೃತ್ತಿಗೆ ಇಳಿದಾಗ ಅದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಸಂಬಳ. ಕಲಿಯುವಾಗ ಹೆಚ್ಚು ತೆತ್ತು, ಗಳಿಸುವಾಗ ಕಡಿಮೆ ಪಡೆಯುವ ಈ ಎರಡು ಬಗೆಯ ಅನ್ಯಾಯದ ಮೊದಲರ್ಧವನ್ನು ಎಡಿತ್ ವಿದ್ಯಾರ್ಥಿ ದೆಸೆಯಲ್ಲಿಯೇ ಕಂಡರು.

ಇದಕ್ಕಿಂತ ಕಹಿಯಾದ ಅನುಭವ 1870ರಲ್ಲಿ ಕಾದಿತ್ತು. ರಸಾಯನಶಾಸ್ತ್ರದ ಪರೀಕ್ಷೆಯಲ್ಲಿ, ಆ ವಿಷಯವನ್ನು ಮೊದಲ ಬಾರಿಗೆ ಓದಿದವರೆಲ್ಲರಲ್ಲಿ ಎಡಿತ್ ಅವರೇ ಮೊದಲಿಗರಾಗಿ ನಿಂತರು. ಅಂತಹ ವಿದ್ಯಾರ್ಥಿಗೆ ಹೋಪ್ ವಿದ್ಯಾರ್ಥಿವೇತನ ಸಲ್ಲಬೇಕೆಂಬುದು ನಿಯಮ. ಆ ವೇತನವನ್ನು ಸ್ಥಾಪಿಸಿದ ಪ್ರಾಧ್ಯಾಪಕ ಹೋಪ್ ಅವರು ಬಹಳ ಹಿಂದೆ ಊರಿನ ಮಹಿಳೆಯರಿಗಾಗಿ ನಡೆಸಿದ ಉಪನ್ಯಾಸಗಳಿಂದ ಬಂದ ಹಣವೇ ಅದಕ್ಕೆ ಮೂಲಧನ. ಹೆಂಗಸರ ಹಣದಿಂದ ಹುಟ್ಟಿದ ಆ ಬಹುಮಾನವನ್ನು ಹೆಂಗಸೊಬ್ಬಳು ಗೆದ್ದಾಗ ವಿಶ್ವವಿದ್ಯಾನಿಲಯ ಹಿಂಜರಿಯಿತು. ಹೆಂಗಸರು ಬೇರೆ ತರಗತಿಯಲ್ಲಿ ಓದಿದವರಾದ್ದರಿಂದ ಅವರನ್ನು ಆ ತರಗತಿಯವರೆಂದು ಎಣಿಸಲಾಗದು ಎಂಬ ನೆಪ ಹೂಡಿ, ಪ್ರಾಧ್ಯಾಪಕ ಕ್ರಮ್ ಬ್ರೌನ್ ಅವರು ವಿದ್ಯಾರ್ಥಿವೇತನವನ್ನು ಆಕೆಗಿಂತ ಕಡಿಮೆ ಅಂಕ ಗಳಿಸಿದ ಗಂಡಸರಿಗೆ ಕೊಟ್ಟರು. ಬೇರೆ ತರಗತಿಯಲ್ಲಿ ಕೂಡಿಸಿದವರು ಯಾರು? ವಿಶ್ವವಿದ್ಯಾನಿಲಯವೇ! ತಾನೇ ಎಬ್ಬಿಸಿದ ಗೋಡೆಯನ್ನು ತೋರಿಸಿ ಆಚೆ ನಿಂತವರು ಹೊರಗಿನವರೆಂದು ಹೇಳಿದಂತಾಯಿತು. ಈ ಅನ್ಯಾಯದ ಸುದ್ದಿ ನಾಡಿನಲ್ಲೆಲ್ಲ ಹರಡಿತು. ಅನೇಕ ಪತ್ರಿಕೆಗಳು ಎಡಿತ್ ಅವರ ಪಕ್ಷವನ್ನು ವಹಿಸಿದವು.

ಹೊಗಳಿಕೆಯೊಡನೆ ಹಗೆತನವೂ ಬೆಳೆಯಿತು. 1870ನೆಯ ನವೆಂಬರ್ 18ರಂದು ಈ ಹೆಣ್ಣುಮಕ್ಕಳು ಅಂಗರಚನಾಶಾಸ್ತ್ರದ ಪರೀಕ್ಷೆಗಾಗಿ ಎಡಿನ್‌ಬರೋ ನಗರದ ಶಸ್ತ್ರವೈದ್ಯರ ಭವನಕ್ಕೆ ಹೊರಟರು. ಬಾಗಿಲ ಮುಂದೆ ದೊಡ್ಡ ಗುಂಪೊಂದು ನೆರೆದಿತ್ತು. ಕೂಗಾಟ, ಬೈಗಳು, ಮೈಮೇಲೆ ಕೆಸರಿನ ಎರಚಾಟ! ಅವರ ಮುಖಕ್ಕೇ ಹೆಬ್ಬಾಗಿಲನ್ನು ಮುಚ್ಚಲಾಯಿತು. ಒಳಗಿನಿಂದ ಯಾರೋ ಬಾಗಿಲು ತೆರೆದ ಮೇಲೆ ಅವರು ಕೆಸರು ಮೆತ್ತಿದ ಬಟ್ಟೆಯಲ್ಲಿಯೇ ಒಳಹೊಕ್ಕು ಉತ್ತರ ಬರೆಯಲು ಕುಳಿತರು. ಪರೀಕ್ಷೆ ನಡೆಯುತ್ತಿದ್ದಾಗ ಒಂದು ಕುರಿಯನ್ನು ಕೋಣೆಯೊಳಕ್ಕೆ ನೂಕಿದರು. ಇಷ್ಟೆಲ್ಲ ನಡೆದರೂ ಅವರು ಪರೀಕ್ಷೆಯನ್ನು ಮುಗಿಸಿಯೇ ಹೊರಬಂದರು.

ಮುಂದೆ ವ್ಯಾಜ್ಯ ನ್ಯಾಯಾಲಯವನ್ನು ಸೇರಿತು. ಹೆಂಗಸರನ್ನು ಸೇರಿಸಿಕೊಳ್ಳುವ ಅಧಿಕಾರವೇ ವಿಶ್ವವಿದ್ಯಾನಿಲಯಕ್ಕೆ ಇರಲಿಲ್ಲವೆಂದು 1873ರಲ್ಲಿ ತೀರ್ಪು ಬಂದಿತು. ನಾಲ್ಕು ವರ್ಷಗಳ ಶ್ರಮ ಪದವಿಯಿಲ್ಲದೆ ಮುಗಿಯಿತು. ಆದರೂ ಎಡಿತ್ ತಮ್ಮ ಗುರಿಯನ್ನು ಕೈಬಿಡಲಿಲ್ಲ. ಬರ್ಮಿಂಗ್‌ಹ್ಯಾಮಿನ ಮಹಿಳಾ ಆಸ್ಪತ್ರೆಯಲ್ಲಿ ಸೇರಿ ಕೆಲಸ ಕಲಿತರು. ಪದವಿಗಾಗಿ ಸ್ವಿಟ್ಜರ್ಲೆಂಡಿನ ಬರ್ನ್ ನಗರಕ್ಕೆ ಹೋಗಿ, ತಮ್ಮದಲ್ಲದ ಜರ್ಮನ್ ಭಾಷೆಯಲ್ಲಿ ಪರೀಕ್ಷೆ ಬರೆದು, 1877ರ ಆರಂಭದಲ್ಲಿ ಎಂ.ಡಿ. ಪದವಿಯನ್ನು ಪಡೆದರು. ಅಷ್ಟರಲ್ಲಿ, 1876ರಲ್ಲಿ, ವೈದ್ಯ ಪರೀಕ್ಷಾ ಸಂಸ್ಥೆಗಳು ಹೆಂಗಸರಿಗೂ ಪರೀಕ್ಷೆ ನಡೆಸಬಹುದೆಂಬ ಕಾನೂನು ಬ್ರಿಟನ್ನಿನಲ್ಲಿ ಬಂದಿತ್ತು. ಅದರ ಆಧಾರದ ಮೇಲೆ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಪರೀಕ್ಷೆ ಮಾಡಿಸಿಕೊಂಡು, ಅದೇ ವರ್ಷ ಎಡಿತ್ ಅಧಿಕೃತ ವೈದ್ಯರಾದರು. ಅನಂತರದ ಆರು ವರ್ಷ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ವೈದ್ಯವೃತ್ತಿಯನ್ನು ನಡೆಸಿ ಹೆಸರು ಗಳಿಸಿದರು.

ಅದೇ ಸಮಯದಲ್ಲಿ ದೂರದ ಮುಂಬಯಿಯಲ್ಲಿ ಒಂದು ಒಳ್ಳೆಯ ಕಾರ್ಯಕ್ಕೆ ನಾಂದಿಯಾಗುತ್ತಿತ್ತು. ಪರಪುರುಷನಿಗೆ ಮೈ ತೋರಿಸಲು ಒಪ್ಪದೆ ರೋಗವನ್ನು ನುಂಗಿಕೊಂಡು ಸಾಯುತ್ತಿದ್ದ ಹೆಂಗಸರು ಆಗ ನಮ್ಮ ದೇಶದಲ್ಲಿ ಅಸಂಖ್ಯರಿದ್ದರು. ಹೆರಿಗೆ ಕಷ್ಟವಾದಾಗ ಸೂಲಗಿತ್ತಿಯ ಕೈಗುಣವೇ ಗತಿ. ಅದು ಮೀರಿದರೆ ದೈವವೇ ಗತಿ. ಆ ದಿನಗಳಲ್ಲಿಯೇ ಯೂರೋಪಿನಲ್ಲಿ ಶಸ್ತ್ರವೈದ್ಯ ಹೊಸ ರೂಪ ತಾಳಿತ್ತು. 1846 ಮತ್ತು 1847ರಲ್ಲಿ ಈಥರ್ ಹಾಗೂ ಕ್ಲೋರೋಫಾರಂ ಬಳಕೆಗೆ ಬಂದು ನೋವಿಲ್ಲದ ಶಸ್ತ್ರಚಿಕಿತ್ಸೆ ಸಾಧ್ಯವಾಯಿತು. 1867ರಲ್ಲಿ ಜೋಸೆಫ್ ಲಿಸ್ಟರ್ ಅವರು ಕಾರ್ಬಾಲಿಕ್ ಆಮ್ಲದಿಂದ ಗಾಯದ ನಂಜನ್ನು ತಡೆಯುವ ಕ್ರಮವನ್ನು ಪ್ರಕಟಿಸಿದರು. ಸಾವಿರಾರು ತಾಯಂದಿರನ್ನು ಉಳಿಸಬಲ್ಲ ವಿದ್ಯೆ ಸಿದ್ಧವಾಗಿತ್ತು. ಅದನ್ನು ಹೆಂಗಸರಿಗೆ ಮುಟ್ಟಿಸಬಲ್ಲ ವೈದ್ಯೆಯರು ಮಾತ್ರ ಇರಲಿಲ್ಲ.

ಮುಂಬಯಿಯಲ್ಲಿ ನೆಲಸಿದ್ದ ಅಮೆರಿಕದ ವರ್ತಕ ಜಾರ್ಜ್ ಕಿಟ್ರೆಜ್ ಅವರೂ, ಪಾರಸಿ ಸಮಾಜದ ಮುಖಂಡರಾದ ಸೊರಾಬ್ಜಿ ಶಾಪುರ್ಜಿ ಬೆಂಗಾಲಿ ಅವರೂ ಸೇರಿ ಭಾರತದ ಮಹಿಳೆಯರಿಗಾಗಿ ವೈದ್ಯನಿಧಿಯೊಂದನ್ನು ಕೂಡಿಸಿದರು. ಪೆಸ್ತನ್‌ಜಿ ಹೊರ್ಮುಸ್‌ಜಿ ಕಾಮಾ ಎಂಬ ದಾನಿಗಳು ಆಸ್ಪತ್ರೆಯ ಕಟ್ಟಡಕ್ಕಾಗಿ ಲಕ್ಷ ರೂಪಾಯಿಗೂ ಮಿಗಿಲಾದ ಹಣವನ್ನು ನೀಡಿದರು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಆ ಆಸ್ಪತ್ರೆ ವೈದ್ಯೆಯರ ಆಡಳಿತದಲ್ಲಿಯೇ ಇರಬೇಕೆಂಬುದು ಅದನ್ನು ಕಟ್ಟಿದವರ ಷರತ್ತಾಗಿತ್ತು. ಹೆಂಗಸರ ಕೈಯಲ್ಲಿ ಇಡೀ ಆಸ್ಪತ್ರೆಯನ್ನು ಒಪ್ಪಿಸುವುದು ಹೇಗೆಂದು ಅಧಿಕಾರಿಗಳು ಅನುಮಾನಿಸುತ್ತಿದ್ದ ಕಾಲದಲ್ಲಿ ಆ ದಾನಿಗಳು ತೋರಿದ ನಂಬಿಕೆ ದೊಡ್ಡದು. ಯೋಗ್ಯ ವೈದ್ಯೆಯನ್ನು ಹುಡುಕುತ್ತ ಹೋದ ಕಿಟ್ರೆಜ್ ಅವರಿಗೆ, ಇಂಗ್ಲೆಂಡಿನ ಹಿರಿಯ ವೈದ್ಯೆ ಎಲಿಜಬೆತ್ ಗ್ಯಾರೆಟ್ ಆಂಡರ್‌ಸನ್ ಅವರು ಎಡಿತ್ ಪೀಚಿಯವರ ಹೆಸರನ್ನು ಸೂಚಿಸಿದರು.

1883ನೆಯ ಡಿಸೆಂಬರ್ 12ರಂದು ಎಡಿತ್ ಮುಂಬಯಿಯಲ್ಲಿ ಬಂದಿಳಿದರು. ರೋಗಿಯ ಮಾತು ತಿಳಿಯದೆ ರೋಗ ತಿಳಿಯದೆಂದು ಬೇಗನೆ ಹಿಂದೂಸ್ತಾನಿ ಭಾಷೆಯನ್ನು ಕಲಿತರು. ಮರುವರ್ಷ ಆರಂಭವಾದ ಜಾಫರ್ ಸುಲೇಮಾನ್ ಔಷಧಾಲಯದಲ್ಲಿ ಹೆಂಗಸರು ಮತ್ತು ಮಕ್ಕಳಿಗೆ ಚಿಕಿತ್ಸೆ ನೀಡಿದರು. ಶಾರ್ಲೆಟ್ ಎಲಬಿ ಎಂಬ ಮತ್ತೊಬ್ಬ ವೈದ್ಯೆ ಅವರಿಗೆ ಜೊತೆಯಾದರು. 1886ರಲ್ಲಿ ಕಾಮಾ ಆಸ್ಪತ್ರೆ ಬಾಗಿಲು ತೆರೆಯಿತು. ಎಡಿತ್ ಅದರ ಹಿರಿಯ ವೈದ್ಯಾಧಿಕಾರಿಗಳಾದರು. ಅಲ್ಲಿ ರೋಗಿಗಳಿಗೆ ಚಿಕಿತ್ಸೆ ನಡೆಯುವುದರ ಜೊತೆಗೆ ನಮ್ಮ ದೇಶದ ಹೆಣ್ಣುಮಕ್ಕಳಿಗೆ ದಾದಿಯರ ಕೆಲಸವನ್ನು ಕಲಿಸುವ ಏರ್ಪಾಟೂ ನಡೆಯಿತು.

ಈ ಘಟ್ಟದಲ್ಲಿ ಎಡಿತ್ ಅವರಿಗೆ ಅನ್ಯಾಯದ ಎರಡನೆಯ ಅರ್ಧ ಎದುರಾಯಿತು. ಸರ್ಕಾರದ ಭಾರತೀಯ ವೈದ್ಯಸೇವೆ ಅಂದು ಗಂಡಸರಿಗೆ ಮೀಸಲು. ದೊಡ್ಡ ಹುದ್ದೆ, ದೊಡ್ಡ ಸಂಬಳ, ನಿವೃತ್ತಿ ವೇತನ, ಅಧಿಕಾರ ಎಲ್ಲವೂ ಅವರವೇ. ವೈದ್ಯೆಯರ ಸಂಬಳ ಬಹುಮಟ್ಟಿಗೆ ದಾನದ ನಿಧಿಗಳನ್ನೇ ನೆಚ್ಚಿಕೊಂಡಿತ್ತು. ಹೆಂಗಸಿಗೆ ಸಂಸಾರ ಸಾಕುವ ಹೊಣೆಯಿಲ್ಲ. ಅವಳು ಮದುವೆಯಾಗಿ ಕೆಲಸ ಬಿಡಬಹುದು. ಅವಳು ನೋಡುವುದು ಹೆಂಗಸರನ್ನು ಮಾತ್ರ. ಹೀಗೆಲ್ಲ ಕಾರಣಗಳನ್ನು ಹೂಡಿ ಹೆಣ್ಣಿನ ಸಂಬಳವನ್ನು ಕಡಿಮೆ ಮಾಡುವುದು ವಾಡಿಕೆಯಾಗಿತ್ತು.

ಎಡಿತ್ ಇದನ್ನು ಒಪ್ಪಲಿಲ್ಲ. ಸಮಾನ ಕೆಲಸಕ್ಕೆ ಸಮಾನ ವೇತನ ಸಲ್ಲಬೇಕೆಂದು ಅವರು ಭಾರತದಲ್ಲಿ ವಾದಿಸಿದರು. ಹೆಣ್ಣುಮಕ್ಕಳಿಗೆ ವೈದ್ಯಶಿಕ್ಷಣ ದೊರೆಯಲೆಂದು ಶ್ರಮಿಸಿದರು. ಈ ವಾದದ ಹಿಂದಿನ ತರ್ಕ ಸರಳವಾದದ್ದು. ವೈದ್ಯನ ವೇತನ ಅವನ ಮನೆಯ ಖರ್ಚಿಗೆ ಕೊಡುವ ಭತ್ಯವಲ್ಲ. ಅವನ ವಿದ್ಯೆಗೂ ಹೊಣೆಗೂ ಕೊಡುವ ಪ್ರತಿಫಲ. ಹಾಗಾಗಿರದಿದ್ದರೆ ಮದುವೆಯಾಗದ ಗಂಡಸಿಗೂ ಅರ್ಧ ಸಂಬಳವೇ ಸಾಕಾಗಬೇಕಿತ್ತು. ಕಷ್ಟದ ಹೆರಿಗೆಯಲ್ಲಿ ಶಸ್ತ್ರ ಹಿಡಿದು ನಿಂತ ವೈದ್ಯೆಯ ಕೈ ತಪ್ಪಿದರೆ ಎರಡು ಜೀವಗಳು ಹೋಗುತ್ತವೆ. ಆ ಹೊಣೆ ಹೆಣ್ಣೆಂದು ಅವಳಿಗೆ ಅರ್ಧವಾಗುವುದಿಲ್ಲ. ಪ್ರತಿಫಲ ಮಾತ್ರ ಅರ್ಧವಾಗುವುದು ಹೇಗೆ? ಇದರಲ್ಲಿ ಇನ್ನೊಂದು ಅಪಾಯವೂ ಉಂಟು. ಕಡಿಮೆ ಸಂಬಳದ ವೈದ್ಯೆಯನ್ನು ಜನರು ಕಡಿಮೆ ದರ್ಜೆಯ ವೈದ್ಯೆಯೆಂದೇ ಬಗೆಯುತ್ತಾರೆ. ಆಕೆ ನೋಡುವ ರೋಗಿಗಳ ಪ್ರಾಣವೂ ಕಡಿಮೆ ಬೆಲೆಯದಾಗುತ್ತದೆ. ಆದುದರಿಂದ ವೈದ್ಯೆಯ ಸಂಬಳದ ಪ್ರಶ್ನೆ ಆಕೆಯೊಬ್ಬಳ ಜೇಬಿನ ಪ್ರಶ್ನೆಯಾಗಿ ನಿಲ್ಲದೆ, ಆಕೆ ನೋಡುವ ತಾಯಂದಿರೆಲ್ಲರ ಪ್ರಶ್ನೆಯಾಗುತ್ತದೆ.

ವೈದ್ಯೆಯಾಗಿ ಬಂದ ಎಡಿತ್ ಸಮಾಜದ ಇತರ ನೋವುಗಳಿಗೂ ಕಣ್ಣು ಮುಚ್ಚಿಕೊಳ್ಳಲಿಲ್ಲ. ಬಾಲ್ಯವಿವಾಹದಿಂದ ಹೆಣ್ಣುಮಕ್ಕಳ ಮೈ ಮನಸ್ಸುಗಳಿಗೆ ಆಗುವ ಹಾನಿಯನ್ನು ಆಸ್ಪತ್ರೆಯಲ್ಲಿ ದಿನವೂ ಕಾಣುತ್ತಿದ್ದ ಅವರು 1890ರಲ್ಲಿ ಮುಂಬಯಿಯ ಹಿಂದೂ ಗೃಹಸ್ಥರ ಮುಂದೆ ಆ ಕುರಿತು ಉಪನ್ಯಾಸ ಮಾಡಿದರು. ಬಾಲ್ಯದಲ್ಲಿ ನಡೆದ ಮದುವೆಯನ್ನು ಒಪ್ಪದೆ ನ್ಯಾಯಾಲಯದಲ್ಲಿ ಹೋರಾಡಿದ ರಖಮಾಬಾಯಿ ಎಂಬ ಧೀರ ತರುಣಿಗೆ ಬೆಂಬಲವಾಗಿ ನಿಂತರು. ಗಂಡನ ಮನೆಗೆ ಹೋಗಬೇಕು, ಇಲ್ಲವೇ ಸೆರೆಮನೆಗೆ ಹೋಗಬೇಕೆಂದು 1887ರಲ್ಲಿ ತೀರ್ಪು ಬಂದಾಗ, ಸೆರೆಮನೆಯೇ ಲೇಸೆಂದ ಹೆಣ್ಣುಮಗಳು ಆಕೆ. ವ್ಯಾಜ್ಯ ರಾಜಿಯಲ್ಲಿ ಮುಗಿದ ಮೇಲೆ ಎಡಿತ್ ಅವರ ಪ್ರೋತ್ಸಾಹದಿಂದ ರಖಮಾಬಾಯಿ 1889ರಲ್ಲಿ ಲಂಡನ್ನಿಗೆ ಹೋಗಿ, ವೈದ್ಯಶಾಸ್ತ್ರವನ್ನು ಓದಿ ಹಿಂದಿರುಗಿ, ಸೂರತ್ತಿನ ಆಸ್ಪತ್ರೆಯಲ್ಲಿ ಬಹುಕಾಲ ಸೇವೆ ಸಲ್ಲಿಸಿದರು. ಒಂದು ದೀಪದಿಂದ ಇನ್ನೊಂದು ದೀಪ ಹತ್ತಿದ್ದು ಹೀಗೆ.

1889ರಲ್ಲಿ ಎಡಿತ್ ಹರ್ಬರ್ಟ್ ಮಸ್‌ಗ್ರೇವ್ ಫಿಪ್ಸನ್ ಎಂಬವರನ್ನು ವಿವಾಹವಾದರು. ಫಿಪ್ಸನ್ ಮುಂಬಯಿಯ ವರ್ತಕರು. 1883ರಲ್ಲಿ ಹುಟ್ಟಿದ ಮುಂಬಯಿ ನಿಸರ್ಗ ಚರಿತ್ರೆ ಸಂಘದ ಸ್ಥಾಪಕರಲ್ಲಿ ಒಬ್ಬರು. ಮದುವೆಯಾದ ಹೆಣ್ಣು ಕೆಲಸ ಬಿಡುತ್ತಾಳೆಂಬ ಮಾತನ್ನು ಎಡಿತ್ ತಮ್ಮ ನಡತೆಯಿಂದಲೇ ಸುಳ್ಳು ಮಾಡಿದರು. ತಮ್ಮ ಹೆಸರಿನೊಡನೆ ಪತಿಯ ಹೆಸರನ್ನು ಸೇರಿಸಿಕೊಂಡು ಪೀಚಿ-ಫಿಪ್ಸನ್ ಎಂಬ ಹೆಸರಿನಿಂದ ವೃತ್ತಿಯನ್ನು ಮುಂದುವರಿಸಿದರು. ದಂಪತಿಗಳು ನಾಸಿಕದ ಬಳಿ ಆರೋಗ್ಯಧಾಮವೊಂದನ್ನೂ ಸ್ಥಾಪಿಸಿದರು. ಮುಂಬಯಿ ವಿಶ್ವವಿದ್ಯಾನಿಲಯದ ಸೆನೆಟ್ ಸಭೆಯ ಸದಸ್ಯತ್ವವೂ ಎಡಿತ್ ಅವರಿಗೆ ದೊರಕಿತು. ಒಂದು ವಿಶ್ವವಿದ್ಯಾನಿಲಯ ತರಗತಿಯ ಹೊರಗಿಟ್ಟವರನ್ನು ಇನ್ನೊಂದು ವಿಶ್ವವಿದ್ಯಾನಿಲಯ ತನ್ನ ಸಭೆಯಲ್ಲಿ ಕೂಡಿಸಿ ಗೌರವಿಸಿತು.

ಬಿಡುವಿಲ್ಲದ ದುಡಿಮೆ ಎಡಿತ್ ಅವರ ಆರೋಗ್ಯವನ್ನು ಕುಗ್ಗಿಸಿತು. ಮಧುಮೇಹ ಕಾಣಿಸಿಕೊಂಡಿತು. 1894ರಲ್ಲಿ ಅವರು ಆಸ್ಪತ್ರೆಯ ಕೆಲಸವನ್ನು ಬಿಟ್ಟು ಖಾಸಗಿಯಾಗಿ ಮಾತ್ರ ರೋಗಿಗಳನ್ನು ನೋಡತೊಡಗಿದರು. ಆದರೆ 1896ರಲ್ಲಿ ಮುಂಬಯಿಗೆ ಪ್ಲೇಗ್ ಮಾರಿ ಬಂದೆರಗಿದಾಗ ಸುಮ್ಮನೆ ಕುಳಿತಿರಲಾರದೆ ಮತ್ತೆ ಸೇವೆಗೆ ಇಳಿದರು. ಅದೇ ಮಾರಿ ಮುಂದೆ ಹುಬ್ಬಳ್ಳಿ ಧಾರವಾಡಗಳನ್ನೂ, 1898ರಲ್ಲಿ ಬೆಂಗಳೂರನ್ನೂ ಮುಟ್ಟಿ ಕನ್ನಡ ನಾಡನ್ನು ತಲ್ಲಣಗೊಳಿಸಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಆ ಭಾಗದ ಕನ್ನಡಿಗರು ವೈದ್ಯಪದವಿಗಾಗಿ ಮುಂಬಯಿಯ ಕಡೆಗೂ, ಕೊಡಗು ಮತ್ತು ಮೈಸೂರಿನವರು ಮದರಾಸಿನ ಕಡೆಗೂ ನೋಡಬೇಕಾಗಿತ್ತು.

1905ರಲ್ಲಿ ದಂಪತಿಗಳು ಭಾರತವನ್ನು ಬಿಟ್ಟು ಇಂಗ್ಲೆಂಡಿಗೆ ಮರಳಿದರು. ವಿಶ್ರಾಂತಿಯ ವಯಸ್ಸಿನಲ್ಲಿಯೂ ಎಡಿತ್ ಹೋರಾಟವನ್ನು ಬಿಡಲಿಲ್ಲ. 1906ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಮಹಿಳಾ ಮತಾಧಿಕಾರ ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋದರು. 1907ನೆಯ ಫೆಬ್ರವರಿಯಲ್ಲಿ ಲಂಡನ್ನಿನ ಹೆಂಗಸರು ಮತದ ಹಕ್ಕಿಗಾಗಿ ಮಳೆಯಲ್ಲಿ, ಕೆಸರಿನಲ್ಲಿ ನಡೆಸಿದ ಮೆರವಣಿಗೆಯ ಮುಂಭಾಗದಲ್ಲಿ ನಡೆದರು. ಹರೆಯದಲ್ಲಿ ಪರರು ಎರಚಿದ ಕೆಸರನ್ನು ಸಹಿಸಿದವರಿಗೆ ಬೀದಿಯ ಕೆಸರು ಯಾವ ಲೆಕ್ಕ? ಆ ಹೊತ್ತಿಗೆ ಸ್ತನದ ಕ್ಯಾನ್ಸರ್ ಅವರನ್ನು ಬಾಧಿಸತೊಡಗಿತ್ತು. ಎಡಿನ್‌ಬರೋದಲ್ಲಿ ತಮ್ಮೊಡನೆ ಓದಿದ್ದ ಇಸಬೆಲ್ ಥಾರ್ನ್ ಅವರ ಮಗಳು, ವೈದ್ಯೆ ಮೇ ಥಾರ್ನ್, ಅವರಿಗೆ ಶಸ್ತ್ರಚಿಕಿತ್ಸೆ ಮಾಡಿದರು. ತಾಯಂದಿರ ತಲೆಮಾರಿಗೆ ಬಾಗಿಲು ಮುಚ್ಚಿದ್ದ ವಿದ್ಯೆ ಮಗಳ ಕೈಯಲ್ಲಿ ಶಸ್ತ್ರವಾಗಿ ಬಂದಿತ್ತು. 1908ನೆಯ ಏಪ್ರಿಲ್ 14ರಂದು ಫೋಕ್‌ಸ್ಟನ್ನಿನ ತಮ್ಮ ಮನೆಯಲ್ಲಿ ಎಡಿತ್ ಕಣ್ಣು ಮುಚ್ಚಿದರು. ವಿದ್ಯಾರ್ಥಿವೇತನದಿಂದ ವಂಚಿತರಾದ ಪತ್ನಿಯ ನೆನಪಿಗಾಗಿ ಫಿಪ್ಸನ್ ಅವರು ಲಂಡನ್ನಿನ ಮಹಿಳಾ ವೈದ್ಯಶಾಲೆಯಲ್ಲಿ ಒಂದು ವಿದ್ಯಾರ್ಥಿವೇತನವನ್ನೇ ಸ್ಥಾಪಿಸಿದರು. ಅದು 1948ರವರೆಗೂ ನಡೆದುಬಂದಿತು.

ಎಡಿತ್ ಅವರ ಹೋರಾಟದ ಫಲ ನಿಧಾನವಾಗಿ ಹಣ್ಣಾಯಿತು. 1914ರಲ್ಲಿ ಭಾರತದಲ್ಲಿ ಮಹಿಳಾ ವೈದ್ಯಸೇವೆ ಆರಂಭವಾದಾಗಲೂ ಅದರ ವೈದ್ಯೆಯರಿಗೆ ಗಂಡಸರ ಸೇವೆಗೆ ಸಮನಾದ ಸಂಬಳವಾಗಲಿ ಸ್ಥಾನವಾಗಲಿ ದೊರೆಯಲಿಲ್ಲ. ಸ್ವತಂತ್ರ ಭಾರತದ ಸಂವಿಧಾನ 39ನೆಯ ಅನುಚ್ಛೇದದಲ್ಲಿ, ಗಂಡಸರಿಗೂ ಹೆಂಗಸರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ದೊರೆಯುವಂತೆ ರಾಜ್ಯ ನೋಡಿಕೊಳ್ಳಬೇಕೆಂದು ವಿಧಿಸಿತು. 1976ರಲ್ಲಿ ಸಮಾನ ವೇತನದ ಕಾನೂನು ಬಂದಿತು. 2019ರ ವೇತನ ಸಂಹಿತೆ ಆ ತತ್ತ್ವವನ್ನು ತನ್ನೊಳಗೆ ಸೇರಿಸಿಕೊಂಡಿತು. ಅದೇ 2019ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯ ತಾನು ಹೊರದೂಡಿದ್ದ ಏಳು ಮಂದಿಗೂ ಮರಣೋತ್ತರವಾಗಿ ಗೌರವ ಪದವಿಗಳನ್ನು ನೀಡಿ ಹಳೆಯ ತಪ್ಪನ್ನು ತಿದ್ದಿಕೊಂಡಿತು.

ಹಾಗೆಂದು ಕೆಲಸ ಮುಗಿಯಿತೆಂದು ತಿಳಿಯಬಾರದು. ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ ಪ್ರತಿಯೊಂದು ಶಸ್ತ್ರಚಿಕಿತ್ಸೆಗೂ ಇಂತಿಷ್ಟೆಂದು ಒಂದೇ ದರ ಗೊತ್ತುಮಾಡಿದೆ. ಅದರಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ಆದರೂ ಅಲ್ಲಿನ ಶಸ್ತ್ರವೈದ್ಯೆಯರು ಶಸ್ತ್ರಚಿಕಿತ್ಸೆಯಲ್ಲಿ ಕಳೆದ ಪ್ರತಿ ಗಂಟೆಗೆ ಗಂಡಸರಿಗಿಂತ ಶೇಕಡ 24ರಷ್ಟು ಕಡಿಮೆ ಗಳಿಸುತ್ತಾರೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅವರ ಕೈಚಳಕ ಕಡಿಮೆಯೆಂದಲ್ಲ, ವೇಗ ಕಡಿಮೆಯೆಂದೂ ಅಲ್ಲ. ಹೆಚ್ಚು ದರದ ಶಸ್ತ್ರಚಿಕಿತ್ಸೆಗಳು ಅವರ ಪಾಲಿಗೆ ಕಡಿಮೆ ಬರುತ್ತಿದ್ದವು. ಕಾನೂನು ಸಂಬಳದ ದರವನ್ನು ಸರಿಪಡಿಸಬಲ್ಲುದು. ಆದರೆ ಯಾವ ಕೆಲಸವನ್ನು ಯಾರಿಗೆ ಒಪ್ಪಿಸಬೇಕೆಂದು ನಿರ್ಧರಿಸುವ ಮನಸ್ಸುಗಳು ಸರಿಯಾಗದೆ ಸಮಾನತೆ ಪೂರ್ಣವಾಗದೆಂಬುದು ಇದರಿಂದ ತಿಳಿಯುತ್ತದೆ.

ಒಂದು ಕಾಲದಲ್ಲಿ ವೈದ್ಯವಿದ್ಯೆಗಾಗಿ ಮದರಾಸಿಗೆ ಹೋಗಬೇಕಾಗಿದ್ದ ಕೊಡಗಿನಲ್ಲಿ, ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2016ರಿಂದ ಪಾಠ ನಡೆಸುತ್ತಿದೆ. ಅಲ್ಲಿಯೂ, ನಾಡಿನ ಇತರ ವೈದ್ಯಕೀಯ ಕಾಲೇಜುಗಳಲ್ಲಿಯೂ ಹೆಣ್ಣುಮಕ್ಕಳು ಗಂಡುಮಕ್ಕಳೊಡನೆ ಒಂದೇ ಕೋಣೆಯಲ್ಲಿ ಕುಳಿತು ಅಂಗರಚನಾಶಾಸ್ತ್ರವನ್ನು ಕಲಿಯುತ್ತಾರೆ. ಅವರು ಕುಳಿತ ಪೀಠ ಸುಲಭವಾಗಿ ದೊರೆತದ್ದಲ್ಲ. ಕೆಸರು ಮೆತ್ತಿದ ಬಟ್ಟೆಯಲ್ಲಿಯೇ ಕುಳಿತು ಪರೀಕ್ಷೆ ಬರೆದ ಎಡಿತ್ ಪೀಚಿಯಂತಹವರ ಛಲ ಅದರ ಹಿಂದಿದೆ. ಆ ಪೀಠದಿಂದ ಎದ್ದು ವೃತ್ತಿಗೆ ಇಳಿಯುವವರಿಗೆ ದುಡಿಮೆಗೆ ತಕ್ಕ ಮನ್ನಣೆ ಸಲ್ಲುವಂತೆ ಮಾಡುವುದು ಇಂದಿನ ಹುಡುಗ ಹುಡುಗಿಯರಿಬ್ಬರ ಮೇಲೂ ಇರುವ ಹೊಣೆ.